ವರದಿಯ ಕೊನೆಯ ಸಾಲು ಯಾರಿಗೆ ಬರೆದದ್ದು?

ಎಪ್ಪತ್ತೆಂಟರ ಹಿರಿಯರೊಬ್ಬರಿಗೆ ಮೂರು ದಿನದಿಂದ ಹೊಟ್ಟೆನೋವು. ಊಟ ಸೇರುತ್ತಿಲ್ಲ, ಕಿಬ್ಬೊಟ್ಟೆ ಬಿಗಿದುಕೊಂಡಿದೆ, ರಾತ್ರಿ ನಿದ್ದೆಯಿಲ್ಲ. ಊರಿನ ಕ್ಲಿನಿಕ್ಕಿನಲ್ಲಿ ಇಂಜೆಕ್ಷನ್ ಆಯಿತು, ಗ್ಯಾಸಿನ ಮಾತ್ರೆಯೂ ಆಯಿತು. ‘ಯಾವುದಕ್ಕೂ ಒಂದು ಸಿ.ಟಿ. ಮಾಡಿಸಿಬಿಡಿ’ ಎಂದು ಬರೆದುಕೊಟ್ಟ ಚೀಟಿ ಹಿಡಿದು ಮಗ ಅಪ್ಪನನ್ನು ಜಿಲ್ಲಾ ಕೇಂದ್ರಕ್ಕೆ ಕರೆತಂದಿದ್ದಾನೆ. ಸಂಜೆಗೆ ದೊಡ್ಡ ಲಕೋಟೆ ಕೈಗೆ ಬಂತು. ಒಳಗೆ ಫಿಲ್ಮು, ಒಂದು ಸಿ.ಡಿ., ಎರಡು ಹಾಳೆಯ ಇಂಗ್ಲಿಷ್ ವರದಿ. ಸ್ಕ್ಯಾನ್ ಸೆಂಟರಿನ ಮೆಟ್ಟಿಲ ಮೇಲೆ ನಿಂತೇ ಮಗ ಹಾಳೆಗಳ ಫೋಟೊ ತೆಗೆದು ಬೆಂಗಳೂರಿನ ಭಾವನಿಗೂ ಅಮೆರಿಕದಲ್ಲಿರುವ ತಂಗಿಗೂ ವಾಟ್ಸ್‌ಆ್ಯಪ್ ಮಾಡುತ್ತಾನೆ. ಅರ್ಧ ಗಂಟೆಯೊಳಗೆ ಮೂರು ಕಡೆಯೂ ಗೂಗಲ್ ಹುಡುಕಾಟ, ಮೂರು ಕಡೆಯೂ ಗಾಬರಿ. ಬೆಂಚಿನ ಮೇಲೆ ಹೊಟ್ಟೆ ಹಿಡಿದು ಕೂತ ಅಪ್ಪ ‘ಏನಂತೋ?’ ಎಂದು ಕೇಳುತ್ತಾರೆ. ‘ಏನಿಲ್ಲಪ್ಪ, ಎಲ್ಲ ಸರಿ ಇದೆ’ ಎಂಬುದು ಮಗನ ಉತ್ತರ.

ಈ ಅಪ್ಪ-ಮಗ ಯಾವುದೋ ಒಂದು ಮನೆಯವರಲ್ಲ. ಇವರನ್ನು ಹೋಲುವವರು ಯಾವ ಸ್ಕ್ಯಾನ್ ಸೆಂಟರಿನ ಮುಂದೆಯೂ ಯಾವ ಸಂಜೆಯೂ ಸಿಗುತ್ತಾರೆ. ಅವರ ಕೈಯಲ್ಲಿರುವ ವರದಿಯೂ ಹೆಚ್ಚುಕಡಿಮೆ ಒಂದೇ ತೆರನಾಗಿರುತ್ತದೆ. ಎರಡೂ ಮೂತ್ರಪಿಂಡಗಳಲ್ಲಿ ಸಿಸ್ಟ್. ಪಿತ್ತಕೋಶದಲ್ಲಿ ಕಲ್ಲು. ಲಿವರಿನಲ್ಲಿ ಕೊಬ್ಬು. ಮಹಾಪಧಮನಿಯ ಗೋಡೆಯಲ್ಲಿ ಅಲ್ಲಲ್ಲಿ ಸುಣ್ಣ. ದೊಡ್ಡ ಕರುಳಿನಲ್ಲಿ ಡೈವರ್ಟಿಕ್ಯುಲಾ. ಪ್ರಾಸ್ಟೇಟ್ ದೊಡ್ಡದಾಗಿದೆ, ಮೂತ್ರಕೋಶ ತುಂಬಿ ಹಿಗ್ಗಿದೆ. ಎಡ ಅಡ್ರಿನಲ್ ಗ್ರಂಥಿಯಲ್ಲಿ ಒಂದು ಸಣ್ಣ ಗಂಟು. ಬೆನ್ನುಮೂಳೆಯಲ್ಲಿ ಸವೆತ, ಒಂದು ಮೂಳೆ ಮುಂಭಾಗದಲ್ಲಿ ಕುಸಿದಿದೆ. ಇಷ್ಟೂ ಆದ ಮೇಲೆ, ಕೊನೆಯಲ್ಲಿ ಒಂದೇ ಒಂದು ಸಾಲು: ‘ಅಡ್ವೈಸ್ಡ್ ಕ್ಲಿನಿಕಲ್ ಕೋರಿಲೇಷನ್’.

ಮನೆಯವರ ಕಣ್ಣು ನಿಲ್ಲುವುದು ‘ಗಂಟು’ ಎಂಬಲ್ಲಿ. ನಿಲ್ಲಬೇಕಾದದ್ದು ಕೊನೆಯ ಸಾಲಿನಲ್ಲಿ. ಚಿತ್ರ ನೋಡಿ ವರದಿ ಬರೆದ ರೇಡಿಯಾಲಜಿಸ್ಟ್ ಆ ರೋಗಿಯ ಮುಖವನ್ನೇ ನೋಡಿರದಿರಬಹುದು. ಅವರು ಹೇಳುತ್ತಿರುವುದು ಇಷ್ಟು: ‘ನನಗೆ ಕಂಡದ್ದನ್ನೆಲ್ಲ ಬರೆದಿದ್ದೇನೆ, ಇದರಲ್ಲಿ ಯಾವುದು ಈ ಮನುಷ್ಯನ ನೋವಿಗೆ ಕಾರಣ ಎಂಬುದನ್ನು ಅವರನ್ನು ಮುಟ್ಟಿ, ಮಾತಾಡಿಸಿ ನೋಡಿದವರು ಹೊಂದಿಸಿಕೊಳ್ಳಿ.’ ಅದು ಒಬ್ಬ ವೈದ್ಯರು ಇನ್ನೊಬ್ಬ ವೈದ್ಯರಿಗೆ ಮಾಡಿದ ಕೋರಿಕೆ. ನಮ್ಮಲ್ಲಿ ಆ ಕೋರಿಕೆ ತಲುಪಬೇಕಾದವರನ್ನು ತಲುಪುವ ಮೊದಲು ವಾಟ್ಸ್‌ಆ್ಯಪ್ ತಲುಪಿರುತ್ತದೆ. ಹಿರಿಯರ ಹೊಟ್ಟೆಯ ಸ್ಕ್ಯಾನಿನಲ್ಲಿ ನಡೆಯುವ ಅನರ್ಥಗಳ ಮೂಲ ಯಂತ್ರದಲ್ಲಿಲ್ಲ, ರೇಡಿಯಾಲಜಿಸ್ಟರಲ್ಲೂ ಇಲ್ಲ. ಈ ಒಂದು ಸಾಲು ಪಾಲನೆಯಾಗದೆ ಉಳಿಯುವುದರಲ್ಲಿದೆ.

ಯಂತ್ರಕ್ಕೆ ಸಲ್ಲಬೇಕಾದ ಗೌರವ ಮೊದಲು ಸಲ್ಲಲಿ. ಹಿಂದೆ ನಮ್ಮ ಮನೆಗಳಲ್ಲಿ ನಾಯಿಯ ಚಿತ್ರವಿದ್ದ ಎಚ್.ಎಂ.ವಿ. ರೆಕಾರ್ಡುಗಳು ತಿರುಗುತ್ತಿದ್ದವಲ್ಲ, ಆ ಗುರುತಿನ ಒಡೆತನ ಇದ್ದದ್ದು ಇ.ಎಂ.ಐ. ಎಂಬ ಬ್ರಿಟಿಷ್ ಕಂಪನಿಯ ಕೈಯಲ್ಲಿ. ಅದೇ ಕಂಪನಿಯ ಎಂಜಿನಿಯರ್ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಸಿ.ಟಿ. ಯಂತ್ರವನ್ನು ಕಟ್ಟಿದವರು. 1971ರ ಅಕ್ಟೋಬರ್ 1ರಂದು ಲಂಡನ್ನಿನ ವಿಂಬಲ್ಡನ್‌ನಲ್ಲಿದ್ದ ಅಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಮೊದಲ ರೋಗಿಯ ಮಿದುಳಿನ ಸ್ಕ್ಯಾನ್ ಆಯಿತು. ಆ ಯಂತ್ರದೊಳಗೆ ತಲೆ ಮಾತ್ರ ಹಿಡಿಸುತ್ತಿತ್ತು. ಹೊಟ್ಟೆಯೂ ಸೇರಿ ಇಡೀ ದೇಹವನ್ನು ನೋಡಬಲ್ಲ ಯಂತ್ರವನ್ನು 1973–74ರಲ್ಲಿ ರೂಪಿಸಿದವರು ಅಮೆರಿಕದ ರಾಬರ್ಟ್ ಲೆಡ್ಲಿ. ಅವರು ಓದಿದ್ದು ದಂತವೈದ್ಯಕೀಯ. ಹೌನ್ಸ್‌ಫೀಲ್ಡ್‌ರಿಗೆ ಭೌತವಿಜ್ಞಾನಿ ಅಲನ್ ಕಾರ್ಮಾಕ್ ಅವರೊಂದಿಗೆ 1979ರಲ್ಲಿ ನೊಬೆಲ್ ಬಂತು.

ಹೌನ್ಸ್‌ಫೀಲ್ಡ್‌ರ ಹೆಸರು ಇಂದಿಗೂ ಪ್ರತಿ ವರದಿಯಲ್ಲಿ ‘ಎಚ್.ಯು.’ ಎಂಬ ಎರಡು ಅಕ್ಷರವಾಗಿ ಕೂತಿರುತ್ತದೆ. ಚಿತ್ರದ ಪ್ರತಿ ಚುಕ್ಕೆಗೂ ಒಂದು ಸಂಖ್ಯೆ. ನೀರಿಗೆ ಸೊನ್ನೆ, ಗಾಳಿಗೆ ಮೈನಸ್ 1000, ಕೊಬ್ಬಿಗೆ ಮೈನಸ್ 100ರ ಆಸುಪಾಸು, ಗಟ್ಟಿ ಮೂಳೆಗೆ 1000ದ ಹತ್ತಿರ. ಮೂತ್ರಪಿಂಡದಲ್ಲಿ ಕಂಡ ಉಂಡೆಯ ಸಂಖ್ಯೆ 0ಯಿಂದ 20ರೊಳಗಿದ್ದು, ಗೋಡೆ ಕೂದಲೆಳೆಯಷ್ಟು ತೆಳುವಾಗಿದ್ದರೆ ಅದು ನೀರು ತುಂಬಿದ ಗುಳ್ಳೆ. ಸೂಜಿ ಚುಚ್ಚದೆ, ಹೊಟ್ಟೆ ಕೊಯ್ಯದೆ ಒಳಗಿರುವುದು ನೀರೋ ಮಾಂಸವೋ ಎಂದು ಹೇಳಬಲ್ಲ ಈ ವಿದ್ಯೆ ನಿಜಕ್ಕೂ ದೊಡ್ಡದು.

ಐವತ್ತು ದಾಟಿದವರಲ್ಲಿ ನಾಲ್ಕರಲ್ಲಿ ಒಬ್ಬರಿಗಾದರೂ ಇಂಥ ನೀರುಗುಳ್ಳೆ ಇರುತ್ತದೆ. ವಯಸ್ಸು ಏರಿದಂತೆ ಗುಳ್ಳೆಗಳೂ ಹೆಚ್ಚುತ್ತವೆ. ನ್ಯೂಯಾರ್ಕಿನ ರೇಡಿಯಾಲಜಿಸ್ಟ್ ಮಾರ್ಟನ್ ಬಾಸ್ನಿಯಾಕ್ 1986ರಲ್ಲಿ ಇವನ್ನು ದರ್ಜೆಗಳಾಗಿ ವಿಂಗಡಿಸಿದರು. ವರದಿಯಲ್ಲಿ ‘ಬಾಸ್ನಿಯಾಕ್ 1’ ಅಥವಾ ‘2’ ಎಂದಿದ್ದರೆ ಚಿಕಿತ್ಸೆ ಬೇಡ, ಮತ್ತೆ ಸ್ಕ್ಯಾನ್ ಕೂಡ ಬೇಡ. 3, 4 ಎಂದಿದ್ದರೆ ಕ್ಯಾನ್ಸರಿನ ಸಂಶಯ. ಅಂದರೆ ‘ಸಿಸ್ಟ್’ ಎಂಬ ಒಂದೇ ಪದದ ಕೆಳಗೆ ಮರೆತುಬಿಡಬಹುದಾದದ್ದೂ ಬಿಡಲಾಗದ್ದೂ ಎರಡೂ ಇವೆ. ಆ ಅಂಕಿಯನ್ನು ಓದಿ ಹೇಳುವವರು ಬೇಕು.

ಉಳಿದವುಗಳ ಕತೆಯೂ ಹೀಗೆಯೇ. ನೋವು ಕೊಡದ ಪಿತ್ತಕೋಶದ ಕಲ್ಲಿಗೆ ಸಾಮಾನ್ಯವಾಗಿ ಆಪರೇಷನ್ ಬೇಕಿಲ್ಲ. ಡೈವರ್ಟಿಕ್ಯುಲಾ ಎಂದರೆ ಕರುಳಿನ ಗೋಡೆ ಹೊರಕ್ಕೆ ಉಬ್ಬಿ ಆದ ಪುಟ್ಟ ಚೀಲಗಳು. ಅವು ಉರಿಯೂತಗೊಂಡಾಗ ಮಾತ್ರ ಕಾಯಿಲೆ. ಅಡ್ರಿನಲ್‌ನ ಸಣ್ಣ ಗಂಟಿನ ಸಂಖ್ಯೆ, ನಾಳಗಳು ಎದ್ದು ಕಾಣಲೆಂದು ಚುಚ್ಚುವ ಡೈ ಕೊಡದೆ ತೆಗೆದ ಚಿತ್ರದಲ್ಲಿ, 10ಕ್ಕಿಂತ ಕಡಿಮೆಯಿದ್ದರೆ ಅದು ಕೊಬ್ಬಿನಂಶದ ನಿರುಪದ್ರವಿ ಗಡ್ಡೆ. ಹಾರ್ಮೋನಿನ ಒಂದೆರಡು ಪರೀಕ್ಷೆ ಮಾಡಿಸಿ ಬಿಡಬಹುದು. ಬೆನ್ನಿನ ಡಿಸ್ಕ್ ಸವೆತವನ್ನಂತೂ ಎಂಬತ್ತರ ವಯಸ್ಸಿನಲ್ಲಿ ಕಾಣದಿದ್ದರೇ ಅಚ್ಚರಿ. 2015ರಲ್ಲಿ ಪ್ರಕಟವಾದ ಒಂದು ದೊಡ್ಡ ಪರಿಶೀಲನೆಯಲ್ಲಿ ಬೆನ್ನುನೋವೇ ಇಲ್ಲದ ಎಂಬತ್ತರ ಪ್ರಾಯದವರಲ್ಲಿ ಶೇ 96 ಮಂದಿಗೆ ಡಿಸ್ಕ್ ಸವೆದಿತ್ತು. ಇವೆಲ್ಲ ತಲೆಗೂದಲು ನೆರೆತಂತೆ, ಮುಖದಲ್ಲಿ ನೆರಿಗೆ ಬಿದ್ದಂತೆ. ವ್ಯತ್ಯಾಸವೆಂದರೆ, ಕೂದಲು ನೆರೆತದ್ದನ್ನು ಯಾರೂ ಇಂಗ್ಲಿಷಿನಲ್ಲಿ ಟೈಪು ಮಾಡಿ ಲಕೋಟೆಯಲ್ಲಿಟ್ಟು ಕೊಡುವುದಿಲ್ಲ.

ಹಾಗಾದರೆ ನಮ್ಮ ಹಿರಿಯರ ನೋವು ಎಲ್ಲಿಯದು? ಉತ್ತರ ವರದಿಯಲ್ಲೇ ಇದೆ, ಗಂಟಿನ ಗಾಬರಿಯಲ್ಲಿ ಯಾರೂ ಓದದ ಕಡೆ: ಪ್ರಾಸ್ಟೇಟ್ ದೊಡ್ಡದಾಗಿದೆ, ಮೂತ್ರಕೋಶ ತುಂಬಿ ಹಿಗ್ಗಿದೆ. ಮೂತ್ರಕೋಶ ತುಂಬಿದೆ ಎಂಬುದಷ್ಟೇ ಚಿತ್ರದಲ್ಲಿ ಕಾಣುತ್ತದೆ. ಸರದಿಗಾಗಿ ಕಾಯುತ್ತ ನೀರು ಕುಡಿದು ತುಂಬಿತೋ, ಕಟ್ಟಿಕೊಂಡು ತುಂಬಿತೋ ರೇಡಿಯಾಲಜಿಸ್ಟರಿಗೆ ತಿಳಿಯದು. ಅಪ್ಪನನ್ನು ಕೇಳಿದ್ದರೆ ತಿಳಿಯುತ್ತಿತ್ತು. ವಾರದ ಹಿಂದೆ ನೆಗಡಿಯಾಗಿ ಅಂಗಡಿಯಿಂದ ಮಾತ್ರೆ ತಂದು ನುಂಗಿದ್ದರು. ಪ್ರಾಸ್ಟೇಟ್ ದೊಡ್ಡದಿರುವವರಲ್ಲಿ ಕೆಲವು ನೆಗಡಿ ಮಾತ್ರೆಗಳು ಮೂತ್ರ ಕಟ್ಟಿಸುತ್ತವೆ. ಹನಿಹನಿಯಾಗಿ ಹೋಗುತ್ತಿದ್ದುದರಿಂದ ‘ಹೋಗ್ತಾ ಇದೆಯಲ್ಲ’ ಎಂದು ಮನೆಯವರು ಸುಮ್ಮನಿದ್ದರು. ಕಿಬ್ಬೊಟ್ಟೆಯ ಮೇಲೆ ಕೈಯಿಟ್ಟು ಬೆರಳಿನಿಂದ ತಟ್ಟಿದ್ದರೂ ಗೊತ್ತಾಗುತ್ತಿತ್ತು. ಒಂದು ಕೆಥೆಟರ್ ಹಾಕಿದರೆ ಹತ್ತು ನಿಮಿಷದಲ್ಲಿ ಇಳಿಯುವ ನೋವು ಅದು.

ಈ ಉದಾಹರಣೆ ಹಿಡಿದು ಸ್ಕ್ಯಾನೇ ಬೇಡವಾಗಿತ್ತು ಎನ್ನುವವರಿದ್ದಾರೆ. ಆ ಮಾತನ್ನು ಈ ಲೇಖನ ಒಪ್ಪುವುದಿಲ್ಲ. ಹಿರಿಯರ ಹೊಟ್ಟೆನೋವಿನಷ್ಟು ಮೋಸ ಮಾಡುವ ಲಕ್ಷಣ ಇನ್ನೊಂದಿಲ್ಲ. ಇಪ್ಪತ್ತೈದರ ಯುವಕನಿಗೆ ಅಪೆಂಡಿಕ್ಸ್ ಒಡೆದರೆ ಜ್ವರ ಬರುತ್ತದೆ, ಹೊಟ್ಟೆ ಹಲಗೆಯಂತೆ ಬಿಗಿಯುತ್ತದೆ, ರಕ್ತದಲ್ಲಿ ಬಿಳಿ ಕಣ ಏರುತ್ತದೆ. ಎಂಬತ್ತರ ಅಜ್ಜಿಗೆ ಅದೇ ಆದಾಗ ಜ್ವರವೂ ಇರಲಿಕ್ಕಿಲ್ಲ, ಬಿಗಿತವೂ ಇರಲಿಕ್ಕಿಲ್ಲ, ಬಿಳಿ ಕಣದ ಲೆಕ್ಕ ಸರಿಯಾಗಿಯೇ ಕಾಣಬಹುದು. ‘ಯಾಕೋ ಸುಸ್ತು, ಊಟ ಬೇಡ’ ಎನ್ನುತ್ತಾರೆ, ಅಷ್ಟೇ. ಹೊಟ್ಟೆಯ ಸ್ನಾಯು ತೆಳುವಾಗಿರುತ್ತದೆ, ದೇಹದ ಪ್ರತಿರೋಧ ಮಂಕಾಗಿರುತ್ತದೆ, ನೋವಿನ ಮಾತ್ರೆಯೋ ಸ್ಟಿರಾಯ್ಡೋ ಲಕ್ಷಣಗಳನ್ನು ಮುಚ್ಚಿಟ್ಟಿರುತ್ತದೆ. ನ್ಯೂಯಾರ್ಕಿನಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹೊಟ್ಟೆನೋವೆಂದು ತುರ್ತು ಘಟಕಕ್ಕೆ ಬಂದ 65 ದಾಟಿದ ನೂರರಷ್ಟು ಮಂದಿಯಲ್ಲಿ, ಸಿ.ಟಿ. ನೋಡಿದ ಮೇಲೆ ಶೇ 45ರಷ್ಟು ಜನರ ವಿಷಯದಲ್ಲಿ ವೈದ್ಯರು ಮೊದಲು ಅಂದುಕೊಂಡಿದ್ದ ಕಾಯಿಲೆಯೇ ಬದಲಾಯಿತು.

ಹಿರಿಯರ ಹೊಟ್ಟೆನೋವಿನ ಕಾರಣಗಳಲ್ಲೆಲ್ಲ ಭಯಂಕರವಾದದ್ದು ಕರುಳಿಗೆ ರಕ್ತ ಕೊಡುವ ನಾಳ ಕಟ್ಟಿಕೊಳ್ಳುವುದು. ಹೃದಯ ತಾಳ ತಪ್ಪಿ ಬಡಿಯುವವರಲ್ಲಿ ಹೆಪ್ಪುಗಟ್ಟಿದ ರಕ್ತದ ಚೂರು ಹೊಟ್ಟೆಯ ನಾಳಕ್ಕೆ ಜಾರಿ ಸಿಕ್ಕಿಕೊಳ್ಳುತ್ತದೆ. ರೋಗಿ ನೋವಿನಿಂದ ಹೊರಳಾಡುತ್ತಾರೆ, ಮುಟ್ಟಿದರೆ ಹೊಟ್ಟೆ ಮೆತ್ತಗೇ ಇರುತ್ತದೆ. ಕೆಲವೇ ಗಂಟೆಗಳಲ್ಲಿ ಕರುಳು ಸಾಯುತ್ತದೆ. ಕರುಳು ಸತ್ತ ಮೇಲೆ ಅರ್ಧಕ್ಕಿಂತ ಹೆಚ್ಚು ರೋಗಿಗಳು ಉಳಿಯುವುದಿಲ್ಲ. ಇದನ್ನು ಹೊತ್ತು ಮೀರುವ ಮುಂಚೆ ತೋರಿಸಬಲ್ಲದ್ದು ಮುಖ್ಯವಾಗಿ ಡೈ ಕೊಟ್ಟು ಮಾಡಿದ ಸಿ.ಟಿ. ಇಲ್ಲಿ ‘ವಯಸ್ಸಾದವರಿಗೆ ಡೈ ಬೇಡ, ಕಿಡ್ನಿ ಹೋಗುತ್ತದೆ’ ಎಂಬ ಹೆದರಿಕೆ ಅಡ್ಡ ಬರುತ್ತದೆ. ಹೆದರಿಕೆಗೆ ಆಧಾರವಿಲ್ಲವೆಂದಲ್ಲ. ಸೊರಗಿದ ವೃದ್ಧರಲ್ಲಿ ಮಾಂಸಖಂಡ ಕಡಿಮೆಯಿರುವುದರಿಂದ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ ‘ನಾರ್ಮಲ್’ ಎಂದು ತೋರಿದರೂ ಕಿಡ್ನಿ ಅರ್ಧ ಸವೆದಿರಬಹುದು. ಅದಕ್ಕೇ ವಯಸ್ಸನ್ನು ಸೇರಿಸಿ ಲೆಕ್ಕ ಹಾಕುವ ಇ.ಜಿ.ಎಫ್.ಆರ್. ನೋಡಬೇಕು; ಅದು 30ಕ್ಕಿಂತ ಕೆಳಗಿದ್ದರೆ ಎಚ್ಚರ ಬೇಕು, ಮೆಟ್‌ಫಾರ್ಮಿನ್ ನುಂಗುವ ಸಕ್ಕರೆ ಕಾಯಿಲೆಯವರು ಅದನ್ನು ನಿಲ್ಲಿಸಬೇಕು. ಆದರೆ ಕರುಳು ಸಾಯುತ್ತಿರುವಾಗ ಕಿಡ್ನಿಯ ಹೆಸರು ಹೇಳಿ ಡೈ ತಪ್ಪಿಸುವುದು ಸರಿಯಲ್ಲ. ವಿಕಿರಣದ ಭಯವೂ ಅಷ್ಟೇ. ಹೊಟ್ಟೆಯ ಒಂದು ಸಿ.ಟಿ.ಯಿಂದ ಸುಮಾರು 8ರಿಂದ 10 ಮಿಲಿಸೀವರ್ಟ್ ವಿಕಿರಣ ತಗಲುತ್ತದೆ. ನೆಲ, ಆಕಾಶ, ಅನ್ನ-ನೀರಿನಿಂದ ನಮಗೆ ಮೂರು ನಾಲ್ಕು ವರ್ಷಗಳಲ್ಲಿ ತಗಲುವಷ್ಟು. ಅದರಿಂದ ಕ್ಯಾನ್ಸರ್ ಬರುವುದಿದ್ದರೂ ದಶಕಗಳು ಬೇಕು. ಇಪ್ಪತ್ತರ ಹುಡುಗಿಗೆ ಯೋಚಿಸಿ ಮಾಡಬೇಕಾದದ್ದನ್ನು ಎಂಬತ್ತರ ಅಜ್ಜನಿಗೆ ತಡಮಾಡದೆ ಮಾಡಬಹುದು.

ಹಳ್ಳಿಗಳಲ್ಲಿ ಹೆಚ್ಚು ಕಾಡುವ ಇನ್ನೊಂದು ಸಂಗತಿಯಿದೆ. ಹತ್ತಾರು ವರ್ಷ ಗದ್ದೆಯಲ್ಲಿ ದುಡಿದು, ಆರೇಳು ಹೆತ್ತು, ಕಡ್ಡಿಯಂತೆ ಸೊರಗಿದ ಅಜ್ಜಿಯರು. ಅವರಿಗೆ ಆಗಾಗ ಒಳತೊಡೆಯಲ್ಲಿ ನೋವು, ಜೊತೆಗೆ ವಾಂತಿ. ತೊಡೆ ನೋವಿಗೆ ವಾಯು ಎಂದು ಎಣ್ಣೆ ತಿಕ್ಕುತ್ತಾರೆ, ವಾಂತಿಗೆ ಗ್ಯಾಸೆಂದು ಮಾತ್ರೆ ಕೊಡುತ್ತಾರೆ. ಎರಡಕ್ಕೂ ಕಾರಣ ಒಂದೇ ಇರಬಹುದು: ಸೊಂಟದ ಮೂಳೆಯಲ್ಲಿರುವ ಸಹಜ ಕಿಂಡಿಯೊಂದರೊಳಕ್ಕೆ ಕರುಳು ತೂರಿ ಸಿಕ್ಕಿಕೊಳ್ಳುವ ಆಬ್ಚುರೇಟರ್ ಹರ್ನಿಯಾ. ಕಿಂಡಿಯನ್ನು ಮುಚ್ಚಿಕೊಂಡಿದ್ದ ಕೊಬ್ಬು ಕರಗಿಹೋಗಿರುತ್ತದೆ. ಹೊರಗೆ ಯಾವ ಉಬ್ಬೂ ಕಾಣುವುದಿಲ್ಲ, ಕೈಗೆ ಸಿಗುವುದಿಲ್ಲ. ಸಿ.ಟಿ.ಯಲ್ಲಿ ಎದ್ದು ಕಾಣುತ್ತದೆ. ಅಜ್ಜಿಗೆ ವಯಸ್ಸಾಯಿತು, ಇನ್ನು ಸ್ಕ್ಯಾನ್ ಯಾಕೆ ಎಂದವರು ಅವರ ಸಾವನ್ನು ‘ವಯೋಸಹಜ’ ಎಂದು ಬರೆಸಿ ಮುಗಿಸುತ್ತಾರೆ. ಅದು ಅನ್ಯಾಯ.

ಮಹಾಪಧಮನಿಯ ವಿಷಯಕ್ಕೆ ಬಂದರೆ ನೆನಪಾಗುವವರು ಆಲ್ಬರ್ಟ್ ಐನ್‌ಸ್ಟೈನ್. ವರ್ಷಗಟ್ಟಲೆ ಬಂದುಹೋಗುತ್ತಿದ್ದ ಹೊಟ್ಟೆನೋವಿಗೆ ಕಾರಣ ತಿಳಿಯಲು 1948ರ ಡಿಸೆಂಬರಿನಲ್ಲಿ ಬ್ರೂಕ್ಲಿನ್‌ನ ಆಸ್ಪತ್ರೆಯೊಂದರಲ್ಲಿ ಅವರ ಹೊಟ್ಟೆಯನ್ನೇ ತೆರೆಯಬೇಕಾಯಿತು. ಶಸ್ತ್ರವೈದ್ಯ ರುಡಾಲ್ಫ್ ನಿಸ್ಸೆನ್ ಕಂಡದ್ದು ಚಕ್ಕೋತದಷ್ಟು ದಪ್ಪಕ್ಕೆ ಉಬ್ಬಿದ ಮಹಾಪಧಮನಿ. ಅಂದು ಇದ್ದ ದಾರಿ ಒಂದೇ; ಅದರ ಸುತ್ತ ಸೆಲೊಫೇನ್ ಹಾಳೆ ಸುತ್ತಿದರು. ಐನ್‌ಸ್ಟೈನ್ ಆರು ವರ್ಷಕ್ಕೂ ಹೆಚ್ಚು ಕಾಲ ಬದುಕಿ, 1955ರ ಏಪ್ರಿಲಿನಲ್ಲಿ ಉಬ್ಬು ಸೋರತೊಡಗಿದಾಗ ಇನ್ನೊಂದು ಆಪರೇಷನ್ ಬೇಡವೆಂದು ತಾವೇ ಹೇಳಿ, 76ನೇ ವಯಸ್ಸಿನಲ್ಲಿ ತೀರಿಕೊಂಡರು. ಇಂದು ಹೊಟ್ಟೆ ತೆರೆಯದೆಯೇ ಆ ಉಬ್ಬನ್ನು ಮಿಲಿಮೀಟರಿನ ಲೆಕ್ಕದಲ್ಲಿ ಅಳೆಯಬಹುದು. ಸಹಜ ಅಗಲ ಸುಮಾರು 2 ಸೆಂಟಿಮೀಟರ್, 3 ದಾಟಿದರೆ ಉಬ್ಬು, ಗಂಡಸರಲ್ಲಿ 5.5 ಮುಟ್ಟಿದರೆ ದುರಸ್ತಿಯ ಯೋಚನೆ. ಇಂಗ್ಲೆಂಡಿನಲ್ಲಿ 65 ತುಂಬಿದ ಗಂಡಸರನ್ನೆಲ್ಲ ಕರೆದು ಅಲ್ಟ್ರಾಸೌಂಡಿನಿಂದ ಇದನ್ನು ಅಳೆಯುತ್ತಾರೆ. ನಮ್ಮ ಹಿರಿಯರ ವರದಿಯಲ್ಲಿ ‘ಗೋಡೆಯಲ್ಲಿ ಸುಣ್ಣ’ ಎಂದಿದೆ, ಅಗಲ ಎಷ್ಟೆಂದು ಬರೆದಿಲ್ಲ. ಸುಣ್ಣ ವಯಸ್ಸಿನ ಗುರುತು. ಅಗಲವನ್ನು ಮಾತ್ರ ಕೇಳಿ ಬರೆಸಿಕೊಳ್ಳಬೇಕು. ಬೀಡಿ-ಸಿಗರೇಟು ಸೇದಿದವರಾದರೆ ಇನ್ನೂ ಗಟ್ಟಿಯಾಗಿ ಕೇಳಬೇಕು.

ಐನ್‌ಸ್ಟೈನ್ ಕತೆಯಲ್ಲಿ ಇನ್ನೊಂದು ಅಂಶವಿದೆ. ಅವರಿಗೆ ತಮ್ಮ ಹೊಟ್ಟೆಯಲ್ಲಿ ಏನಿದೆ ಎಂಬುದು ಗೊತ್ತಿತ್ತು. ಗೊತ್ತಿದ್ದರಿಂದ ಬೇಕು-ಬೇಡವನ್ನು ಅವರೇ ನಿರ್ಧರಿಸಿದರು. ನಮ್ಮಲ್ಲಿ ‘ಅಪ್ಪನಿಗೆ ಹೇಳಬೇಡಿ ಡಾಕ್ಟ್ರೇ’ ಎಂಬುದು ವೈದ್ಯರ ಕೋಣೆಯಲ್ಲಿ ಕೇಳುವ ಮೊದಲ ಮಾತು. ಪ್ರೀತಿಯಿಂದ ಬಂದ ಮಾತೇ ಅದು, ಆದರೆ ಅದರಿಂದ ಆಗುವುದು ಕೆಡುಕು. ಹೊಲ-ಮನೆ ಹಂಚಿದ, ಮಕ್ಕಳ ಮದುವೆ ಮಾಡಿದ, ಹೆಂಡತಿಯನ್ನು ಕಳೆದುಕೊಂಡದ್ದನ್ನೂ ತಡೆದುಕೊಂಡ ಮನುಷ್ಯನಿಗೆ ತನ್ನ ಕರುಳಿನ ಸಂಗತಿ ತಡೆದುಕೊಳ್ಳಲಾಗದು ಎಂದು ಮಕ್ಕಳು ತೀರ್ಮಾನಿಸುತ್ತಾರೆ. ತನ್ನಿಂದ ಏನನ್ನೋ ಮುಚ್ಚಿಡುತ್ತಿದ್ದಾರೆ ಎಂಬುದು ಆ ಹಿರಿಯರಿಗೆ ಮೊದಲ ದಿನವೇ ತಿಳಿದಿರುತ್ತದೆ.

ಕಂಡದ್ದನ್ನೆಲ್ಲ ಬೆನ್ನಟ್ಟಿದರೆ ಏನಾಗುತ್ತದೆ ಎಂಬುದಕ್ಕೆ ದಕ್ಷಿಣ ಕೊರಿಯಾ ಇಡೀ ಜಗತ್ತಿಗೆ ಪಾಠ ಹೇಳಿದೆ. ಅಲ್ಲಿ 1999ರಲ್ಲಿ ಸರ್ಕಾರ ಕ್ಯಾನ್ಸರ್ ತಪಾಸಣೆಯ ಕಾರ್ಯಕ್ರಮ ಆರಂಭಿಸಿತು. ಥೈರಾಯ್ಡ್ ಅದರ ಪಟ್ಟಿಯಲ್ಲಿರಲಿಲ್ಲ. ಆದರೆ ಆಸ್ಪತ್ರೆಗಳು ಸ್ವಲ್ಪ ಹೆಚ್ಚು ಹಣಕ್ಕೆ ಕುತ್ತಿಗೆಯ ಅಲ್ಟ್ರಾಸೌಂಡನ್ನೂ ಜೊತೆಗೆ ಸೇರಿಸಿದವು. 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆಯಾಗುವ ಪ್ರಮಾಣ 1993ರಲ್ಲಿದ್ದುದರ 15 ಪಟ್ಟು. ಅದರಿಂದ ಸಾಯುವವರ ಸಂಖ್ಯೆ ಮಾತ್ರ ಇದ್ದಲ್ಲೇ ಇತ್ತು. ಸುಮ್ಮನೆ ಬಿಟ್ಟಿದ್ದರೆ ಜೀವನಪೂರ್ತಿ ತೊಂದರೆ ಕೊಡದಿದ್ದ ಚುಕ್ಕೆಗಳಿಗಾಗಿ ಸಾವಿರಾರು ಜನ ಗ್ರಂಥಿಯನ್ನೇ ತೆಗೆಸಿಕೊಂಡು, ಬದುಕಿರುವಷ್ಟು ದಿನ ಮಾತ್ರೆ ನುಂಗುವಂತಾಯಿತು. 2014ರಲ್ಲಿ ಅಲ್ಲಿನ ವೈದ್ಯರದೇ ಒಂದು ಗುಂಪು ದನಿಯೆತ್ತಿದ ಮೇಲೆ, ಒಂದೇ ವರ್ಷದಲ್ಲಿ ಆಪರೇಷನ್‌ಗಳು ಮೂರನೇ ಒಂದು ಭಾಗದಷ್ಟು ಇಳಿದವು. ಬೇರೇನನ್ನೋ ಹುಡುಕುವಾಗ ಸಿಕ್ಕಿದ ಇಂಥ ಗಡ್ಡೆಗೆ ವೈದ್ಯರ ಭಾಷೆಯಲ್ಲಿ ‘ಇನ್ಸಿಡೆಂಟಲೋಮ’ ಎಂಬ ಹೆಸರಿದೆ. 1982ರಲ್ಲಿ ಹುಟ್ಟಿದ ಪದ ಅದು, ಹುಟ್ಟಿದ್ದು ಅಡ್ರಿನಲ್ ಗಂಟಿನಿಂದಲೇ. ನಮ್ಮ ಹಿರಿಯರ ವರದಿಯಲ್ಲಿ ಮಕ್ಕಳನ್ನು ಹೆದರಿಸಿದ್ದು ಅದೇ.

ಆದರೆ ಅಕಸ್ಮಾತ್ ಸಿಕ್ಕಿದ್ದೆಲ್ಲ ಪೊಳ್ಳು ಎನ್ನಲೂ ಆಗದು. ಆ್ಯಪಲ್ ಸಂಸ್ಥೆಯ ಸ್ಟೀವ್ ಜಾಬ್ಸ್ 2003ರಲ್ಲಿ ಸ್ಕ್ಯಾನ್ ಮಾಡಿಸಿದ್ದು ಮೂತ್ರಪಿಂಡವನ್ನು ನೋಡಲು. ಕಂಡದ್ದು ಮೇದೋಜ್ಜೀರಕ ಗ್ರಂಥಿಯಲ್ಲೊಂದು ಗಡ್ಡೆ. ಅವರು ಆಪರೇಷನ್ನಿಗೆ ಒಪ್ಪಿದ್ದು ಒಂಬತ್ತು ತಿಂಗಳ ನಂತರ, ತೀರಿಕೊಂಡದ್ದು 2011ರಲ್ಲಿ. ಹಿರಿಯರ ವರದಿಯಲ್ಲೂ ತಳ್ಳಿಹಾಕಬಾರದ ಸಾಲುಗಳಿರುತ್ತವೆ. ದೊಡ್ಡ ಕರುಳಿನ ಒಂದು ಭಾಗದ ಗೋಡೆ ದಪ್ಪವಾಗಿದೆ ಎಂದಿದ್ದು, ಜೊತೆಗೆ ತೂಕ ಇಳಿದಿದ್ದರೆ, ರಕ್ತಹೀನತೆಯಿದ್ದರೆ ಕೊಲೊನೊಸ್ಕೋಪಿ ಆಗಲೇಬೇಕು. ಸಣ್ಣ ಕರುಳೂ ದೊಡ್ಡ ಕರುಳೂ ಸೇರುವ ಮೂಲೆಯಲ್ಲಿ ಗೋಡೆ ದಪ್ಪವಾಗಿದ್ದರೆ ನಮ್ಮ ದೇಶದಲ್ಲಿ ಅದು ಕ್ಷಯವೂ ಆಗಿರಬಹುದು, ಕ್ಯಾನ್ಸರೂ ಆಗಿರಬಹುದು. ಚೂರು ತೆಗೆದು ಪರೀಕ್ಷಿಸದೆ ಯಾರೂ ಹೇಳಲಾರರು. ಕ್ಷಯ ಔಷಧದಿಂದ ಪೂರ್ತಿ ವಾಸಿಯಾಗುವ ಕಾಯಿಲೆ, ಕ್ಯಾನ್ಸರಿಗೆ ಆಪರೇಷನ್ ಬೇಕು.

ಇನ್ನು ಯಾರ ಕಣ್ಣಿಗೂ ಬೀಳದ ಒಂದು ಸಾಲು: ‘ಒಂದು ಮೂಳೆ ಮುಂಭಾಗದಲ್ಲಿ ಕುಸಿದಿದೆ’. ಹೊಟ್ಟೆಗೆಂದು ಮಾಡಿದ ಸ್ಕ್ಯಾನಿನಲ್ಲಿ ಬೆನ್ನುಮೂಳೆ ಪುಕ್ಕಟೆಯಾಗಿ ಸಿಗುವ ಮಾಹಿತಿ. ಬೀಳದೆ, ಪೆಟ್ಟಾಗದೆ ಮೂಳೆ ಕುಸಿದಿದೆಯೆಂದರೆ ಸಾಮಾನ್ಯವಾಗಿ ಆಸ್ಟಿಯೊಪೊರೋಸಿಸ್ ಆಗಿದೆ, ಎಲುಬು ಒಳಗೊಳಗೇ ಟೊಳ್ಳಾಗಿದೆ ಎಂದರ್ಥ. ಮುಂದಿನದು ಬಚ್ಚಲಲ್ಲಿ ಜಾರಿ ಸೊಂಟ ಮುರಿಯುವುದು. ಅದನ್ನು ತಡೆಯುವ ಔಷಧಗಳಿವೆ. ಅನೇಕ ವರದಿಗಳಲ್ಲಿ ಇದನ್ನು ‘ಸವೆತ’ದ ಪಟ್ಟಿಗೆ ಸೇರಿಸಿ ಬಿಡುತ್ತಾರೆ, ಕೆಲವುಗಳಲ್ಲಿ ಬರೆಯುವುದೂ ಇಲ್ಲ. ನಿರುಪದ್ರವಿ ಗಂಟಿಗೆ ನಾಲ್ಕು ಮಂದಿ ತಜ್ಞರನ್ನು ಕಂಡು ಬರುವ ಕುಟುಂಬ, ಕುಸಿದ ಮೂಳೆಗೆ ಒಂದು ಮಾತ್ರೆಯನ್ನೂ ಬರೆಸಿಕೊಳ್ಳದೆ ಮನೆಗೆ ಹೋಗುತ್ತದೆ.

ದಾರಿ ಏನು? ಮೊದಲನೆಯದು ಚೀಟಿಯಿಂದಲೇ ಶುರುವಾಗಬೇಕು. ಸ್ಕ್ಯಾನಿಗೆ ಕಳಿಸುವ ಕಾಗದದ ಮೇಲೆ ‘ಪೇನ್ ಅಬ್ಡಮನ್’ ಎಂಬ ಎರಡೇ ಪದ ಇರುವುದು ನಿಲ್ಲಬೇಕು. ನೋವು ಎಷ್ಟು ದಿನದ್ದು, ಎಲ್ಲಿಯದು, ಮೂತ್ರ ಹೋಗುತ್ತಿದೆಯೇ, ತೂಕ ಇಳಿದಿದೆಯೇ, ಹಿಂದೆ ಯಾವ ಆಪರೇಷನ್ ಆಗಿದೆ ಎಂದು ನಾಲ್ಕು ಸಾಲು ಬರೆದರೆ ವರದಿಯೇ ಬೇರೆಯಾಗುತ್ತದೆ. ‘ಮೂತ್ರ ಹನಿಹನಿ ಹೋಗುತ್ತಿದೆ’ ಎಂದು ತಿಳಿದ ರೇಡಿಯಾಲಜಿಸ್ಟ್ ಮೂತ್ರಕೋಶದ ಸಂಗತಿಯನ್ನು ಮೊದಲ ಸಾಲಿಗೆ ತರುತ್ತಾರೆ, ಫೋನೆತ್ತಿಯೂ ಹೇಳುತ್ತಾರೆ.

ಎರಡನೆಯದು ಭಾಷೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧ ಚೀಟಿ ಕನ್ನಡದಲ್ಲಿರಲಿ ಎಂದು ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷ ಪುರುಷೋತ್ತಮ ಬಿಳಿಮಲೆ 2024ರಲ್ಲಿ ಆರೋಗ್ಯ ಸಚಿವರಿಗೆ ಪತ್ರ ಬರೆದಿದ್ದರು. ಚೀಟಿಯಷ್ಟೇ ಅಗತ್ಯ ಸ್ಕ್ಯಾನ್ ವರದಿಗೂ ಇದೆ. ತಜ್ಞರ ನಡುವಿನ ವರದಿ ಇಂಗ್ಲಿಷಿನಲ್ಲೇ ಇರಲಿ, ಅದರ ಪರಿಭಾಷೆಯ ಖಚಿತತೆ ಅವರಿಗೆ ಬೇಕು. ಅದರ ಜೊತೆಗೆ ಅರ್ಧ ಪುಟದ ಕನ್ನಡ ಟಿಪ್ಪಣಿ ಇರಲಿ: ಇದು ವಯಸ್ಸಿನಿಂದ ಬಂದದ್ದು, ಇದಕ್ಕೆ ಏನೂ ಬೇಡ, ಇದಕ್ಕೆ ಈ ವಾರವೇ ವೈದ್ಯರನ್ನು ಕಾಣಿ, ಇದನ್ನು ಆರು ತಿಂಗಳ ನಂತರ ನೋಡೋಣ. ಎಪ್ಪತ್ತು ದಾಟಿದ ಪ್ರತಿಯೊಬ್ಬರ ವರದಿಗೂ ಇದನ್ನು ಕಡ್ಡಾಯ ಮಾಡುವುದು ರಾಜ್ಯದ ಆರೋಗ್ಯ ಇಲಾಖೆಗೆ ಕಷ್ಟದ ಕೆಲಸವಲ್ಲ. ಆಯುಷ್ಮಾನ್ ಭಾರತ ಯೋಜನೆಯನ್ನು 2024ರ ಅಕ್ಟೋಬರಿನಲ್ಲಿ 70 ತುಂಬಿದ ಎಲ್ಲರಿಗೂ, ಆದಾಯ ನೋಡದೆ, ವಿಸ್ತರಿಸಲಾಗಿದೆ. ಇನ್ನು ಮುಂದೆ ಹೆಚ್ಚು ಹಿರಿಯರು ಆಸ್ಪತ್ರೆಗೆ ಬರುತ್ತಾರೆ, ಹೆಚ್ಚು ಹೊಟ್ಟೆಗಳ ಸ್ಕ್ಯಾನ್ ಆಗುತ್ತದೆ. ಸ್ಕ್ಯಾನಿಗೆ ಹಣ ಕೊಡುವ ಸರ್ಕಾರ ಅದನ್ನು ಬಿಡಿಸಿ ಹೇಳುವ ಹತ್ತು ನಿಮಿಷಕ್ಕೂ ಹಣ ಕೊಡಬೇಕು. ಒಂದು ಹೊತ್ತಿಗೆ ನೂರು ರೋಗಿಗಳನ್ನು ನೋಡಬೇಕಾದ ವೈದ್ಯರ ಮೇಲೆ ಈ ಹೊಣೆಯನ್ನು ಬರಿಗೈಯಲ್ಲಿ ಹೊರಿಸಿದರೆ ಅದು ನಡೆಯುವುದಿಲ್ಲ.

ಮೂರನೆಯದು ಮನೆಯವರ ಕೈಯಲ್ಲಿದೆ. ಹಳೆಯ ಫಿಲ್ಮನ್ನೂ ಸಿ.ಡಿ.ಯನ್ನೂ ಎಸೆಯಬಾರದು. ಐದು ವರ್ಷದ ಹಿಂದೆಯೂ ಅಡ್ರಿನಲ್ ಗಂಟು ಇಷ್ಟೇ ಗಾತ್ರದಲ್ಲಿತ್ತು ಎಂದು ತೋರಿಸುವ ಒಂದು ಹಳೆಯ ಚಿತ್ರ, ಹತ್ತು ಹೊಸ ಪರೀಕ್ಷೆಗಳಿಗಿಂತ ಗಟ್ಟಿ ಸಾಕ್ಷಿ. ಕಳೆದುಹೋಗಿದ್ದರೆ ಆಸ್ಪತ್ರೆಯನ್ನು ಕೇಳಬಹುದು. ರೋಗಿ ಕೋರಿದ 72 ಗಂಟೆಯೊಳಗೆ ವೈದ್ಯಕೀಯ ದಾಖಲೆ ಕೊಡಬೇಕೆಂದು ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿಯೇ ಹೇಳುತ್ತದೆ.

ಲಕೋಟೆ ಹಿಡಿದು ಮೆಟ್ಟಿಲ ಮೇಲೆ ನಿಂತಿರುವ ಮಗನಿಗೆ ಹೇಳಬೇಕಾದ ಮಾತು ಇದು. ಫೋನನ್ನು ಜೇಬಿಗಿಡಿ. ಸ್ಕ್ಯಾನ್ ಬರೆದುಕೊಟ್ಟ ವೈದ್ಯರ ಬಳಿಗೇ ಹೋಗಿ, ಈ ಎಂಟು ಸಾಲುಗಳಲ್ಲಿ ಅಪ್ಪನ ನೋವಿಗೆ ಕಾರಣ ಯಾವುದು, ಬಿಟ್ಟುಬಿಡಬಹುದಾದದ್ದು ಯಾವುದು, ಬಿಡಲಾಗದ್ದು ಯಾವುದು ಎಂದು ಒಂದೊಂದನ್ನೇ ಬೆರಳಿಟ್ಟು ಕೇಳಿ. ಕೇಳುವಾಗ ಅಪ್ಪನನ್ನು ಹೊರಗಿನ ಬೆಂಚಿನ ಮೇಲೆ ಬಿಡಬೇಡಿ, ಒಳಗೆ ವೈದ್ಯರ ಎದುರಿನ ಕುರ್ಚಿಯಲ್ಲಿ ಕೂರಿಸಿ.